ಮುತ್ಯಾನ ವಾಕ್‌ಮನ್ ಒಳಗೆ ಹೊಸ ಬೋರ್ಡ್ ಹಾಕಬೇಕು, ಗುಂಡಿಯ ‘ಖಟಕ್’ ಮಾತ್ರ ಹೋಗಬಾರದು

ಗಂಜ್ ಹುಡುಗ, ಕಲಬುರಗಿ:

ಎಲ್ಲರಿಗೂ ಶರಣು. ನಮ್ಮ ಮುತ್ಯಾ (ಅಜ್ಜ) ಅಮಾವಾಸ್ಯೆ ಭಜನೆಯಲ್ಲಿ ತತ್ವಪದ ಹಾಡುತ್ತಿದ್ದ. 1992ರಲ್ಲಿ ಕಾಕಾ ಅದನ್ನು 60 ನಿಮಿಷದ ಒಂದು ಕ್ಯಾಸೆಟ್ಟಿಗೆ ತುಂಬಿಸಿದ. ಏಕತಾರಿ, ತಾಳ, ನಡುನಡುವೆ ಯಾರದೋ ಕೆಮ್ಮು. ಎ ಸೈಡ್ ಪದದ ನಡುವೆಯೇ ಕಟ್ಟಾಗುತ್ತದೆ. ಬಿ ಸೈಡ್ ಶುರುವಾಗುವುದು ಮುತ್ಯಾನ ಮಾತಿನಿಂದ: ‘ತಿರುವಿ ಹಾಕಿದೇನೋ? ಹಾಂ, ನಡೀಲಿ.’

ಆ ಕ್ಯಾಸೆಟ್ ಕೇಳುತ್ತಿದ್ದ ವಾಕ್‌ಮನ್ ಈಗ ಸತ್ತಿದೆ. ಬೆಲ್ಟ್ ಕರಗಿ ಡಾಂಬರಿನಂತೆ ಅಂಟಿಕೊಂಡಿದೆ. ಸೂಪರ್ ಮಾರ್ಕೆಟ್ ಕಡೆ ಒಬ್ಬರಿಗೆ ರಿಪೇರಿಗೆ ಕೊಟ್ಟೆ. ಹದಿನೈದು ದಿನ ಇಟ್ಟುಕೊಂಡು, ಬಾಗಿಲಿನ ಒಂದು ಕೀಲು ಮುರಿದು ವಾಪಸ್ ಕೊಟ್ಟರು. ‘ಫೋನ್‌ನಾಗ ಕೇಳ್ರೀ’ ಅಂತ ಉಪದೇಶ ಬೇರೆ.

ಫೋನ್ ಆಗುವುದಿಲ್ಲ. ಇದು ಆಯಿಗೋಸ್ಕರ, ಅಂದರೆ ನಮ್ಮ ಅಜ್ಜಿಗೆ. ಆಕೆಗೆ ಕಣ್ಣು ಮಂಜು, ಟಚ್ ಸ್ಕ್ರೀನ್ ಅಂದರೆ ಸಿಟ್ಟು. ಈ ವಾಕ್‌ಮನ್ನಿನ ಗುಂಡಿಗಳು ಮಾತ್ರ ಆಕೆಯ ಬೆರಳಿಗೆ ಗೊತ್ತು. ಪ್ಲೇ ಒತ್ತಿದರೆ ‘ಖಟಕ್’ ಅನ್ನಬೇಕು. ಸ್ಕ್ರೀನ್ ಬೇಡ, ಮೆನು ಬೇಡ.

ಕ್ಯಾಸೆಟ್ಟನ್ನು ಗೆಳೆಯನ ಡೆಕ್‌ನಿಂದ ಕಂಪ್ಯೂಟರಿಗೆ ಇಳಿಸಿದ್ದೇನೆ. 44.1 ಕಿಲೋಹರ್ಟ್ಜ್, 16 ಬಿಟ್ ವೇವ್ ಫೈಲು. ಎ ಒಂದು, ಬಿ ಒಂದು, ಎರಡೂ ಸೇರಿ ಸುಮಾರು 600 ಎಂಬಿ. ಇದನ್ನೇ ವಾಕ್‌ಮನ್ ಒಳಗಿನಿಂದ ನುಡಿಸಬೇಕು. ಬ್ಲೂಟೂತ್ ಇಯರ್‌ಫೋನಿಗೂ ಹಾಡು ಕಳಿಸೋಣ ಅಂತ ಇಎಸ್‌ಪಿ32-ಎಸ್3 ಅನ್ನುವ ಪುಟ್ಟ ಕಂಪ್ಯೂಟರ್ ಚಿಪ್ಪಿನ ಬೋರ್ಡ್ ತರಿಸಿದೆ. ಮೂರು ರಾತ್ರಿ ಗುದ್ದಾಡಿದೆ, ಕನೆಕ್ಟ್ ಆಗಲೇ ಇಲ್ಲ. ಫೈಲಿನ ಅಂಕಿಗಳನ್ನು ದನಿಯಾಗಿಸುವ ಪಿಸಿಎಂ5102 ಬೋರ್ಡಿಗೆ ನೇರ ಇಯರ್‌ಫೋನ್ ಚುಚ್ಚಿದರೆ ದನಿ ಒಡೆಯುತ್ತದೆ. ಎಲ್ಲಿ ತಪ್ಪಿದೆ?

ಬೆಸುಗೆ ಕಾಕಾ, ಬೀದರ್:

ತಮ್ಮಾ, ಎಸ್3 ಚಿಪ್ಪಿನಲ್ಲಿ ಬ್ಲೂಟೂತ್ ಲೋ ಎನರ್ಜಿ ಮಾತ್ರ ಇದೆ. ಮಾಮೂಲಿ ಬ್ಲೂಟೂತ್ ಇಯರ್‌ಫೋನಿಗೆ ಹಾಡು ಕಳಿಸಲು ಕ್ಲಾಸಿಕ್ ಬ್ಲೂಟೂತ್ ಬೇಕು. ಅದು ಮೊದಲಿನ ಹಳೆ ಇಎಸ್‌ಪಿ32ನಲ್ಲಿದೆ. ಹೆಸರಿನ ಮುಂದೆ ಎಸ್3, ಸಿ3 ಅಂತ ಬಾಲ ಇರದದ್ದನ್ನು ತಗೋ. ನಾನೂ ಹೀಗೇ ದುಡ್ಡು ಕಳೆದುಕೊಂಡವನು.

ಪಿಸಿಎಂ5102 ಕೊಡುವುದು ಲೈನ್ ಔಟ್. ಆಂಪ್ಲಿಫೈಯರಿಗೆ ಸರಿ, 32 ಓಮ್ ಇಯರ್‌ಫೋನನ್ನು ಎಳೆಯಲು ಅದಕ್ಕೆ ತ್ರಾಣವಿಲ್ಲ. ನಡುವೆ ಟಿಡಿಎ1308ರಂತಹ ಹೆಡ್‌ಫೋನ್ ಆಂಪ್ ಹಾಕು. ಅಗ್ಗಕ್ಕೆ ಸಿಗುತ್ತದೆ ಅಂತ ಪಿಎಎಂ8403 ಹಾಕಬೇಡ. ಅದು ಸ್ಪೀಕರಿನದು. ಹೆಡ್‌ಫೋನ್ ಜ್ಯಾಕಿನಲ್ಲಿ ಎಡಕ್ಕೂ ಬಲಕ್ಕೂ ಗ್ರೌಂಡ್ ಒಂದೇ, ಪಿಎಎಂ8403ಗೆ ಅದು ಆಗಿಬರುವುದಿಲ್ಲ. ಇನ್ನೊಂದು, ಪಿಸಿಎಂ ಬೋರ್ಡಿನ ಎಸ್‌ಸಿಕೆ ಕಾಲನ್ನು ಗ್ರೌಂಡಿಗೆ ಜೋಡಿಸಿದ್ದೀಯಾ ನೋಡು.

ಈಗ ನಿನ್ನ ‘ಖಟಕ್’. ಪ್ಲೇ ಒತ್ತಿದಾಗ ಟೇಪ್ ಓದುವ ಹೆಡ್ ಕೂತ ತಗಡು ಮುಂದೆ ಸರಿಯುತ್ತದೆ ಅಲ್ವಾ? ಅದರ ಪಕ್ಕ ಕೂದಲಿನಷ್ಟು ಸಂದು ಬಿಟ್ಟು ಎರಡು ಸಣ್ಣ ಪಟ್ಟಿ ಇರುತ್ತವೆ. ತಗಡು ತಳ್ಳಿದಾಗ ಅವು ಒಂದಕ್ಕೊಂದು ತಾಗುತ್ತವೆ. ಮೋಟರಿಗೆ ಕರೆಂಟ್ ಹೋಗುತ್ತಿದ್ದುದು ಅಲ್ಲಿಂದಲೇ. ಆ ಎರಡು ಪಟ್ಟಿಗೆ ಎರಡು ವೈರ್. ಒಂದು ಗ್ರೌಂಡಿಗೆ, ಒಂದು ಇಎಸ್‌ಪಿ ಪಿನ್ನಿಗೆ. ಗುಂಡಿ, ಸ್ಪ್ರಿಂಗು, ಕೊಕ್ಕೆ ಯಾವುದನ್ನೂ ಮುಟ್ಟಬೇಡ. ಆದರೆ ಬ್ಯಾಟರಿ ಕರೆಂಟನ್ನೇ ಆ ಪಟ್ಟಿಯಿಂದ ಹಾಯಿಸಬೇಡ. ಸ್ಟಾಪ್ ಒತ್ತಿದ ಕೂಡಲೇ ಚಿಪ್ ಸತ್ತರೆ ಹಾಡು ಎಲ್ಲಿತ್ತು ಅಂತ ಬರೆದಿಟ್ಟುಕೊಳ್ಳಲು ಪುರುಸೊತ್ತೇ ಇರುವುದಿಲ್ಲ. ಮುಂದೆ, ಹಿಂದೆ ಓಡಿಸುವ ಗುಂಡಿಗಳೂ ಇದೇ ಪಟ್ಟಿಯನ್ನು ತಾಗಿಸುತ್ತವೆ. ಅವಕ್ಕೆ ಬೇರೆ ಎರಡು ಮೈಕ್ರೋ ಸ್ವಿಚ್ ಬೇಕು.

ಟೇಪ್ ಹುಳ, ಯಾದಗಿರಿ:

ನನಗೆ ಇದು ಸರಿ ಕಾಣುವುದಿಲ್ಲ. ಬೆಲ್ಟ್ ಕರಗುವುದು ರಬ್ಬರಿನ ವಯಸ್ಸಿನ ದೋಷ, ಹೊಸದು ಹಾಕಬಹುದು. ಎರಡು ಸೆಲ್ಲಿನ ಮಾಡೆಲ್ ಆದರೆ ಮೋಟರಿಗೆ ನೇರ 3 ವೋಲ್ಟ್ ಕೊಟ್ಟು ನೋಡಿದ್ದೀರಾ? ತಿರುಗಿದರೆ ಅದು ಬದುಕಿದೆ. ಸುಮ್ನೆ ಹೊಟ್ಟೆ ಬಗೆಯಬೇಡಿ. ಇನ್ನು ಒಳಗೆ ಕಂಪ್ಯೂಟರ್ ಹಾಕಲೇಬೇಕು ಅಂದರೆ ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಹಾಕಿ. 65 ಮಿಮೀ ಉದ್ದ, 30 ಮಿಮೀ ಅಗಲ. ಕ್ಯಾಸೆಟ್ ಕೂರುವ ಜಾಗದಲ್ಲೇ ಕೂತೀತು.

ಗಂಜ್ ಹುಡುಗ:

ಮೋಟರಿಗೆ 3 ವೋಲ್ಟ್ ಕೊಟ್ಟು ನೋಡಿದೆ ಸರ್. ಬಿಸಿ ಆಯಿತು, ತಿರುಗಲಿಲ್ಲ. ಮೈ ಕೊಯ್ಯುವುದಿಲ್ಲ, ಮಾತು ಕೊಡುತ್ತೇನೆ. ಮೋಟರ್ ಮತ್ತು ಹಳೆ ಬೋರ್ಡ್ ಅಷ್ಟೇ ಬಿಚ್ಚಿ, ಸ್ಕ್ರೂ ಸಮೇತ ಡಬ್ಬಿಯಲ್ಲಿ ಇಟ್ಟಿದ್ದೇನೆ. ಪೈ ಮಾತ್ರ ಬೇಡ. ಆಯಿ ಪ್ಲೇ ಒತ್ತಿ, ಒಳಗೆ ಲಿನಕ್ಸ್ ಏಳುವ ತನಕ ಕಾಯುತ್ತಾಳಾ? ಎರಡನೇ ಸಲ ಒತ್ತುವುದು ಗುಂಡಿಯನ್ನಲ್ಲ, ನನ್ನ ಕತ್ತನ್ನು. ಕ್ಯಾಸೆಟ್ ಜಾಗವೂ ಖಾಲಿ ಬೇಕು. ಕ್ಯಾಸೆಟ್ ತಿರುವಿದರೆ ಬಿ ಸೈಡ್ ಬರಬೇಕು, ಅದಿಲ್ಲದೆ ಆ ಮಾತು ಕೇಳಿ ಏನು ಚೆಂದ?

ಬಿಸಿಲು ಬ್ಯಾಟರಿ, ಕಲಬುರಗಿ:

ತಿರುವುವುದಕ್ಕೆ ಸುಲಭ ಉಪಾಯ ಇದೆ. ಕಿಟಕಿ ಅಲಾರಂಗೆ ಹಾಕುವ, ಅಯಸ್ಕಾಂತ ಹತ್ತಿರ ಬಂದರೆ ತಾಗುವ ರೀಡ್ ಸ್ವಿಚ್ ಒಂದು, ಪುಟ್ಟ ಅಯಸ್ಕಾಂತ ಒಂದು. ಅಯಸ್ಕಾಂತವನ್ನು ಬೇರೆ ಖಾಲಿ ಕ್ಯಾಸೆಟ್ಟಿನ ಒಂದು ಮೂಲೆಗೆ ಅಂಟಿಸಿ. ಮುತ್ಯಾನ ಅಸಲಿ ಕ್ಯಾಸೆಟ್ಟಿನ ಹತ್ತಿರ ಅಯಸ್ಕಾಂತ ಒಯ್ಯಲೇಬೇಡಿ, ರೆಕಾರ್ಡಿಂಗ್ ಅಳಿಸಿಹೋಗುತ್ತದೆ. ಸ್ವಿಚ್ ತಾಗಿದರೆ ಎ, ತಾಗದಿದ್ದರೆ ಬಿ.

ಕರೆಂಟಿಗೆ 14500 ಲಿಥಿಯಂ ಸೆಲ್ ಸಾಕು. ಗಾತ್ರ ಪೆನ್ಸಿಲ್ ಸೆಲ್ಲಿನದೇ, ಆದರೆ 3.7 ವೋಲ್ಟ್. ಒಂದು ಸೆಲ್ಲಿನ ಜಾಗಕ್ಕೆ ಅದು, ಪಕ್ಕದ ಜಾಗಕ್ಕೆ ಟಿಪಿ4056 ಚಾರ್ಜರ್. ಆ ಚಾರ್ಜರ್ ಬಂದ ಹಾಗೇ 1 ಆಂಪಿಯರ್ ನೂಕುತ್ತದೆ. ಇಷ್ಟು ಸಣ್ಣ ಸೆಲ್ಲಿಗೆ ಅದು ಜಾಸ್ತಿ. ಮೇಲಿರುವ 1.2 ಕಿಲೋ ಓಮ್ ರೆಸಿಸ್ಟರ್ ತೆಗೆದು 3 ಕಿಲೋ ಹಾಕಿದರೆ 400 ಮಿಲಿಆಂಪಿಯರಿಗೆ ಇಳಿಯುತ್ತದೆ. ಇಎಸ್‌ಪಿ ಡೆವ್ ಬೋರ್ಡಿನ ಮೇಲೆ ಎಎಂಎಸ್1117 ರೆಗ್ಯುಲೇಟರ್ ಇದ್ದರೆ ಅದನ್ನು ನಂಬಬೇಡಿ. ಅದಕ್ಕೇ ಸುಮಾರು 1 ವೋಲ್ಟ್ ತಿನ್ನಲು ಬೇಕು. ಸೆಲ್ ಸ್ವಲ್ಪ ಇಳಿದರೂ ಚಿಪ್ ಒದ್ದಾಡಿ ರೀಸೆಟ್ ಆಗುತ್ತದೆ. ಅದರ ಬದಲು ಕಡಿಮೆ ತಿನ್ನುವ ಎಪಿ2112 ರೆಗ್ಯುಲೇಟರ್ ಹಾಕಿ.

ಮತ್ತೆ ಇದು ಕಲಬುರಗಿ. ಮೇ ತಿಂಗಳಲ್ಲಿ ಪತ್ರಾಸ್ ಮನೆಯೊಳಗೆ ಚಾರ್ಜಿಗೆ ಇಡಬೇಡಿ. 45 ಡಿಗ್ರಿ ದಾಟಿದ ಮೇಲೆ ಲಿಥಿಯಂ ಸೆಲ್ ಚಾರ್ಜ್ ಮಾಡಬಾರದು. ರಾತ್ರಿ ನೀರಿನ ಮಡಕೆ ಪಕ್ಕ ಇಡಿ.

ಗಂಜ್ ಹುಡುಗ:

ಎಲ್ಲ ಹೇಳಿದ ಹಾಗೇ ಮಾಡಿದೆ. ಹಾಡುತ್ತಿದೆ! ದನಿ ಒಡೆಯುವುದು ನಿಂತಿತು. ಆಯಿ ಪ್ಲೇ ಒತ್ತಿದಳು, ಸ್ವಲ್ಪ ಹೊತ್ತು ಕೇಳಿದಳು. ಸ್ಟಾಪ್ ಒತ್ತಿ, ಕ್ಯಾಸೆಟ್ ತಿರುವಿ ಹಾಕಿದಳು. ‘ತಿರುವಿ ಹಾಕಿದೇನೋ’ ಅಂತ ಬಂತು. ನಾನು ಆಕೆಯ ಮುಖ ನೋಡುತ್ತಾ ಕೂತಿದ್ದೆ. ಆಕೆ ಅಂದದ್ದು ಒಂದೇ ಮಾತು: ‘ನಡುವ ತಿರಿವಿದ್ರ ಇದು ಹೆಂಗ ಬರ್ತದ? ಖೊಟ್ಟಿ ಅದ.’

ಹೌದಲ್ಲ! ಎ ಸೈಡಿನ 12ನೇ ನಿಮಿಷಕ್ಕೆ ತಿರುವಿದರೆ ಅಸಲಿ ಟೇಪಿನಲ್ಲಿ ಬಿ ಸೈಡಿನ 18ನೇ ನಿಮಿಷ ಬರಬೇಕು. ಹೊಳೆದೇ ಇರಲಿಲ್ಲ. ಪುಣ್ಯಕ್ಕೆ ವೇವ್ ಫೈಲಿನಲ್ಲಿ ಲೆಕ್ಕ ಸುಲಭ, ಸೆಕೆಂಡಿಗೆ 1,76,400 ಬೈಟ್. ಕೇಳಿದಷ್ಟನ್ನು ಒಂದು ಸೈಡಿನ 30 ನಿಮಿಷದಿಂದ ಕಳೆದು ಅಲ್ಲಿಗೆ ಜಿಗಿಸಿದರೆ ಆಯಿತು. ರಾತ್ರಿಯೇ ಬರೆದೆ. ಬೆಳಿಗ್ಗೆ ಆಯಿ ಮತ್ತೆ ನಡುವೆ ತಿರುವಿದಳು, ಪದದ ಅರ್ಧದಿಂದ ಶುರುವಾಯಿತು. ಈ ಸಲ ಏನೂ ಅನ್ನಲಿಲ್ಲ. ಹಿಂದೆ ಓಡಿಸುವ ಗುಂಡಿ ಒತ್ತಿ ಹಿಡಿದು, ಮುತ್ಯಾ ಮಾತಾಡುವ ಜಾಗ ಹುಡುಕುತ್ತಾ ಕೂತಳು.

ಕಾಕಾ, ಹಿಂದೆ ಓಡುವಾಗ ಆ ಕಿಚಿಪಿಚಿ ಸದ್ದೂ ಬೇಕಂತೆ. ಹೇಗೆ ಮಾಡಲಿ?