ಪದಚರ್ಚೆ: ‘ಫೀಲ್ಡ್ ಟ್ರಯಲ್’ ಎಂಬುದು ‘ಕ್ಷೇತ್ರ ಪ್ರಯೋಗ’ವೇ? ಮಕ್ಕಳ ಕಿಡ್ನಿ ಸಂಶೋಧನೆಯ ಮಾಹಿತಿ ಪತ್ರಗಳ ಹಿನ್ನೆಲೆಯಲ್ಲಿ ಒಂದು ಪ್ರಶ್ನೆ

ಮಾನ್ಯ ಸದಸ್ಯರಿಗೆ ನಮಸ್ಕಾರ.

ಮಕ್ಕಳ ಮೂತ್ರಪಿಂಡದ ಕಾಯಿಲೆಗಳ ಬಗ್ಗೆ ನಡೆಯುವ ಸಂಶೋಧನೆಗಳಲ್ಲಿ ತಂದೆತಾಯಿಯರಿಗೂ ಶಾಲೆಯ ಶಿಕ್ಷಕರಿಗೂ ಕೊಡುವ ಮಾಹಿತಿ ಪತ್ರಗಳನ್ನು ಕೆಲವು ವರ್ಷಗಳಿಂದ ಕನ್ನಡಕ್ಕೆ ತರುತ್ತಿದ್ದೇನೆ. ಈ ಕೆಲಸದಲ್ಲಿ ನನ್ನನ್ನು ಪ್ರತಿ ಸಲವೂ ತಡೆದು ನಿಲ್ಲಿಸುವ ಪದ ‘ಟ್ರಯಲ್’, ಅಂದರೆ ಒಂದು ಔಷಧವನ್ನೋ ಕ್ರಮವನ್ನೋ ಜನರಿಗೆ ಕೊಟ್ಟು, ಅದು ಫಲ ಕೊಡುತ್ತದೆಯೇ ಎಂದು ಹೋಲಿಸಿ ನೋಡುವ ಸಂಶೋಧನೆ. ಅದರ ಹಿಂದೆ ‘ಫೀಲ್ಡ್’ ಸೇರಿಕೊಂಡರೆ ತೊಡಕು ಇನ್ನೂ ಬಿಗಿಯಾಗುತ್ತದೆ. ‘ಕ್ಷೇತ್ರ ಪ್ರಯೋಗ’ ಎಂದು ಬರೆದು ಮುಗಿಸುವುದು ಸುಲಭ, ನಾನೂ ಹಾಗೆ ಬರೆದಿದ್ದೇನೆ. ಆದರೆ ಆ ಪದ ಓದುವವರ ಮನಸ್ಸಿನಲ್ಲಿ ಏನನ್ನು ಎಬ್ಬಿಸುತ್ತದೆ ಎಂಬುದನ್ನು ಕಣ್ಣಾರೆ ಕಂಡ ಮೇಲೆ ಅದನ್ನು ಉಳಿಸಿಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ. (ಮೂತ್ರಪಿಂಡವೇ, ಮೂತ್ರಜನಕಾಂಗವೇ ಎಂಬ ಹಳೆಯ ಚರ್ಚೆಯನ್ನು ನಾನು ಎತ್ತುತ್ತಿಲ್ಲ. ತಾಯಂದಿರು ‘ಕಿಡ್ನಿ’ ಎನ್ನುತ್ತಾರೆ. ‘ಮೂತ್ರಪಿಂಡ, ಅಂದರೆ ಕಿಡ್ನಿ’ ಎಂದು ಒಮ್ಮೆ ಬರೆದು ಮುಂದೆ ಕಿಡ್ನಿ ಎಂದೇ ಸಾಗುತ್ತೇನೆ.)

ನಡೆದದ್ದು ಇಷ್ಟು. ಒಂದು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕರಡು ಪ್ರತಿಯನ್ನು ಕೆಲವು ಪೋಷಕರಿಂದ ಓದಿಸಿ ನೋಡುತ್ತಿದ್ದೆ. ಆರು ವರ್ಷದ ಮಗನನ್ನು ಕರೆತಂದಿದ್ದ ತಾಯಿಯೊಬ್ಬರ ಕೈಯಲ್ಲಿ ಉದ್ದನೆಯ ನೋಟ್ ಪುಸ್ತಕವಿತ್ತು. ದಿನಕ್ಕೊಂದು ಸಾಲಿನಂತೆ ತಾರೀಖು, ಅದರ ಮುಂದೆ ‘ನಿಲ್’, ‘ಟ್ರೇಸ್’, ‘2 ಪ್ಲಸ್’ (ಮೂತ್ರದಲ್ಲಿ ಪ್ರೋಟೀನ್ ಇಲ್ಲ, ತುಸುವೇ ಇದೆ, ಹೆಚ್ಚಾಗಿದೆ ಎಂಬ ಗುರುತುಗಳು) ಎಂದು ನೀಲಿ ಶಾಯಿಯಲ್ಲಿ ಬರೆದಿದ್ದರು. ಪ್ಲಸ್ ಬಂದ ದಿನಗಳ ಕೆಳಗೆ ಮಾತ್ರ ಕೆಂಪು ಗೆರೆ. ಬೆಳಗ್ಗೆ ಮೊದಲ ಮೂತ್ರವನ್ನು ಗಾಜಿನ ನಳಿಕೆಯಲ್ಲಿ ಹಿಡಿದು ಕಾಯಿಸಿ, ಅದು ಬೆಳ್ಳಗೆ ಕದಡುತ್ತದೆಯೇ ಎಂದು ನೋಡುವುದನ್ನು ಅವರು ಮನೆಯಲ್ಲೇ ಕಲಿತಿದ್ದರು. ಬೇಯುವ ಮೊಟ್ಟೆಯ ಬಿಳಿ ಗಟ್ಟಿಯಾಗುವ ಹಾಗೆಯೇ ಮೂತ್ರದಲ್ಲಿರುವ ಪ್ರೋಟೀನ್ ಕೂಡ ಕಾವಿಗೆ ಗಟ್ಟಿಯಾಗುತ್ತದೆ. ‘ಹಾಲು ಒಡೆದಂಗೆ ಆಯ್ತು ಅಂದ್ರೆ ಕಾಯಿಲೆ ತಿರುಗಿಬಂತು ಅಂತ’ ಎಂದು ಅವರು ನನಗೆ ವಿವರಿಸಿದರು. ಅಷ್ಟು ಸ್ಪಷ್ಟವಾಗಿ ತಿಳಿದುಕೊಂಡಿದ್ದ ಆ ತಾಯಿ ನನ್ನ ಕರಡನ್ನು ಸಾಲಿನ ಕೆಳಗೆ ಬೆರಳಿಟ್ಟು ಓದುತ್ತ ಬಂದು, ‘ಪ್ರಯೋಗ’ ಎಂಬಲ್ಲಿ ಬೆರಳು ನಿಲ್ಲಿಸಿ, ಮಗನನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಿದರು: ‘ಇವನ ಮೇಲೆ ಪ್ರಯೋಗ ಮಾಡ್ತಾರಾ ಮೇಡಂ?’

ಇದನ್ನು ತಿಳಿವಳಿಕೆಯ ಕೊರತೆ ಎಂದು ತಳ್ಳಿಹಾಕಲು ನನಗೆ ಸಾಧ್ಯವಾಗಲಿಲ್ಲ. ಅವರ ಪ್ರಶ್ನೆಯಲ್ಲಿದ್ದ ‘ಮೇಲೆ’ ಎಂಬ ಪದವನ್ನು ಗಮನಿಸಿ. ಪದಪ್ರಯೋಗ, ಕರ್ತರಿ ಪ್ರಯೋಗ, ನಾಟಕದ ಮೊದಲ ಪ್ರಯೋಗ, ಶಾಲೆಯ ಪ್ರಯೋಗಾಲಯದಲ್ಲಿ ಲಿಟ್ಮಸ್ ಕಾಗದದ ಪ್ರಯೋಗ ಎನ್ನುವಾಗ ‘ಮೇಲೆ’ ಬೇಕಾಗುವುದಿಲ್ಲ. ಲಾಠಿ ಪ್ರಯೋಗ, ಬಲಪ್ರಯೋಗ, ಮಾಟದ ಪ್ರಯೋಗ, ಇಲಿಯ ಮೇಲಿನ ಪ್ರಯೋಗ ಎನ್ನುವಾಗ ಬೇಕಾಗುತ್ತದೆ. ಅಂದರೆ ಯಾರ ಮಾತನ್ನೂ ಕೇಳದೆ ಅವರಿಗೆ ಏನನ್ನಾದರೂ ಮಾಡುವ ಅರ್ಥಗಳಲ್ಲೆಲ್ಲ ನಮ್ಮ ‘ಪ್ರಯೋಗ’ಕ್ಕೆ ‘ಮೇಲೆ’ ತಾನಾಗಿಯೇ ಬಂದು ಅಂಟಿಕೊಳ್ಳುತ್ತದೆ. ನನ್ನ ಕರಡಿನಲ್ಲಿ ‘ಮೇಲೆ’ ಇರಲಿಲ್ಲ. ಅದನ್ನು ಸೇರಿಸಿದ್ದು ಆ ತಾಯಿಯ ಭಾಷಾಪ್ರಜ್ಞೆ, ಮತ್ತು ಕನ್ನಡದ ಮಟ್ಟಿಗೆ ಅವರು ಸೇರಿಸಿದ್ದು ಸರಿಯಾಗಿಯೇ ಇತ್ತು. 2020ರಲ್ಲಿ ಕೊರೋನಾ ಲಸಿಕೆಗಳ ಸುದ್ದಿಯೊಂದಿಗೆ ಬಂದ ‘ಮಾನವ ಪ್ರಯೋಗ’ ಎಂಬ ಮಾತು ಈ ಅರ್ಥವನ್ನು ಇನ್ನಷ್ಟು ಗಟ್ಟಿಮಾಡಿತು ಎಂಬುದು ನನ್ನ ಅನಿಸಿಕೆ.

ಹಾಗಾದರೆ ‘ಪ್ರಯೋಗ’ವನ್ನು ಕೈಬಿಟ್ಟು ‘ಪರೀಕ್ಷೆ’ ಎನ್ನಬಹುದೇ? ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ, ಮೂತ್ರಪರೀಕ್ಷೆ ದಿನನಿತ್ಯದ ಮಾತುಗಳಾಗಿರುವುದರಿಂದ, ‘ಔಷಧದ ಪರೀಕ್ಷೆ’ ಎಂದರೆ ಪ್ರಯೋಗಾಲಯದಲ್ಲಿ ಔಷಧದ ಗುಣಮಟ್ಟ ನೋಡುವುದು ಎಂದು ಓದುಗರು ತಿಳಿಯುತ್ತಾರೆ. ಶಾಲೆಗೆ ಕಾಲಿಟ್ಟರೆ ಕಷ್ಟ ಹೆಚ್ಚು. ಜಪಾನ್‌ನಲ್ಲಿ 1974ರಿಂದ ಎಲ್ಲ ಶಾಲಾ ಮಕ್ಕಳ ಮೂತ್ರವನ್ನು ವರ್ಷಕ್ಕೊಮ್ಮೆ ನೋಡುವ ವ್ಯವಸ್ಥೆಯಿದೆ. ಲಕ್ಷಣಗಳು ಕಾಣಿಸಿಕೊಳ್ಳುವ ಮೊದಲೇ ಕಿಡ್ನಿಯ ತೊಂದರೆಯನ್ನು ಹಿಡಿಯುವುದು ಅದರ ಉದ್ದೇಶ. ಅದನ್ನು ವಿವರಿಸುವ ಬರಹದಲ್ಲಿ ‘ಶಾಲಾ ಮೂತ್ರಪರೀಕ್ಷೆ’ ಎಂದು ಬರೆದಿದ್ದೆ. ಪರೀಕ್ಷೆ ಎಂದೊಡನೆ ಪಾಸು, ಫೇಲು ನೆನಪಾಗುವ ವಯಸ್ಸಿನ ಮಕ್ಕಳಿಗೆ ಅದನ್ನು ಓದಿ ಹೇಳಬೇಕಾಗಿ ಬಂದಾಗ ‘ತಪಾಸಣೆ’ ಎಂದು ಬದಲಿಸಿದೆ. ಶಾಲಾ ಆರೋಗ್ಯ ತಪಾಸಣೆ ಎಂಬುದು ಶಿಕ್ಷಕರಿಗೂ ಮಕ್ಕಳಿಗೂ ಚಿರಪರಿಚಿತವಾದ್ದರಿಂದ ‘ಸ್ಕ್ರೀನಿಂಗ್’ಗೆ ಅದು ಸರಿಹೋಯಿತು. ‘ಟ್ರಯಲ್’ಗೆ ಅಂಥ ಬಿಡುಗಡೆ ಸಿಕ್ಕಿಲ್ಲ.

ಇನ್ನು ‘ಕ್ಷೇತ್ರ’. ಇದು ಸಂಸ್ಕೃತದಲ್ಲಿ ಹೊಲವೇ, ಆದ್ದರಿಂದ ‘ಫೀಲ್ಡ್’ಗೆ ತಕ್ಕ ಪದವೇ. ಆದರೆ ಇಂದಿನ ಕನ್ನಡದಲ್ಲಿ ಕ್ಷೇತ್ರವೆಂದರೆ ಪುಣ್ಯಕ್ಷೇತ್ರ, ಮತಕ್ಷೇತ್ರ, ಇಲ್ಲವೇ ಶಿಕ್ಷಣ ಕ್ಷೇತ್ರ. ಕರ್ನಾಟಕದ ಶಾಲೆಗಳಲ್ಲಂತೂ ಅದಕ್ಕೆ ಖಚಿತವಾದ ಆಡಳಿತಾರ್ಥವಿದೆ: ಬಿಇಓ ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಬಿಆರ್‌ಸಿ ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರ. ಮುಖ್ಯೋಪಾಧ್ಯಾಯರಿಗೆ ‘ಕ್ಷೇತ್ರ ಪ್ರಯೋಗ’ ಎಂಬ ತಲೆಬರಹದ ಪತ್ರ ಹೋದರೆ ಅದು ಬಿಇಓ ಕಚೇರಿಯಿಂದ ಬಂದ ಕಾರ್ಯಕ್ರಮವೆಂದು ಅವರು ತಿಳಿಯುವುದು ಸಹಜ. ಒಬ್ಬೊಬ್ಬರನ್ನಲ್ಲದೆ ಇಡೀ ಶಾಲೆಯನ್ನೋ ಊರನ್ನೋ ಒಂದು ಘಟಕವಾಗಿ ತೆಗೆದುಕೊಳ್ಳುವ ಟ್ರಯಲ್‌ಗಳಲ್ಲಿ ಬರುವ ‘ಕ್ಲಸ್ಟರ್’ಗೆ ‘ಸಮೂಹ’ ಎಂದು ಬರೆದರೂ ಇದೇ ಪಾಡು, ಏಕೆಂದರೆ ಸಿಆರ್‌ಪಿಯವರು ಆಗಲೇ ಸಮೂಹ ಸಂಪನ್ಮೂಲ ವ್ಯಕ್ತಿ.

ಈ ಪದ ನಿಜವಾಗಿಯೂ ಹೊಲದಿಂದಲೇ ಬಂದದ್ದು ಎಂಬುದು ನನಗೆ ಮುಖ್ಯವೆನಿಸುತ್ತದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್, ಒಂದೇ ಹೊಲದಲ್ಲೂ ಮಣ್ಣಿನ ಸತ್ವ ಮೂಲೆಯಿಂದ ಮೂಲೆಗೆ ಬೇರೆಯಾಗಿರುವುದರಿಂದ ಯಾವ ತಾಕಿಗೆ ಯಾವ ಗೊಬ್ಬರ ಎಂಬುದನ್ನು ಮನುಷ್ಯ ಆರಿಸಬಾರದು, ಆಕಸ್ಮಿಕಕ್ಕೆ ಬಿಡಬೇಕು ಎಂಬ ತತ್ವವನ್ನು ಅಲ್ಲಿ ನೆಲೆಗೊಳಿಸಿದರು. 1948ರಲ್ಲಿ ಪ್ರಕಟವಾದ, ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ ಬ್ರಿಟನ್ನಿನ ಅಧ್ಯಯನದಲ್ಲಿ ಅದೇ ತತ್ವ, ಯಾವ ರೋಗಿಗೆ ಯಾವ ಚಿಕಿತ್ಸೆ ಎಂಬುದನ್ನು ಒಳಗಿಟ್ಟು ಮೊಹರು ಹಾಕಿದ ಲಕೋಟೆಗಳ ರೂಪದಲ್ಲಿ ಆಸ್ಪತ್ರೆಗೆ ಬಂತು. ಮುಂದೆ ಅದು ಶಾಲೆಯನ್ನೂ ತಲುಪಿತು. ಕೀನ್ಯಾದ ಬುಸಿಯಾದಲ್ಲಿ 1998ರಿಂದ 75 ಶಾಲೆಗಳನ್ನು ಮೂರು ಗುಂಪು ಮಾಡಿ, ಜಂತುಹುಳುವಿನ ಮಾತ್ರೆಯನ್ನು ಒಂದೊಂದು ಗುಂಪಿಗೆ ಒಂದೊಂದು ವರ್ಷ ಆರಂಭಿಸಿ, ಮಕ್ಕಳ ಗೈರುಹಾಜರಿ ಕಡಿಮೆಯಾಗುತ್ತದೆಯೇ ಎಂದು ನೋಡಿದರು. ವಡೋದರಾದಲ್ಲಿ ಪ್ರಥಮ್ ಎಂಬ ಶಿಕ್ಷಣ ಸಂಸ್ಥೆಯ ‘ಬಾಲಸಖಿ’ (ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಪಾಠ ಹೇಳುವ ಸ್ಥಳೀಯ ಯುವತಿ) ಕಾರ್ಯಕ್ರಮವನ್ನು ಅಳೆಯುವಾಗ ಅರ್ಧ ಶಾಲೆಗಳಲ್ಲಿ ಮೂರನೆಯ ತರಗತಿಗೂ ಉಳಿದ ಅರ್ಧದಲ್ಲಿ ನಾಲ್ಕನೆಯ ತರಗತಿಗೂ ಬಾಲಸಖಿಯರನ್ನು ಕೊಟ್ಟರು; ಹೋಲಿಕೆಯೂ ಸಾಧ್ಯವಾಯಿತು, ಯಾವ ಶಾಲೆಯೂ ಬರಿಗೈಯಲ್ಲಿ ಉಳಿಯಲಿಲ್ಲ. ಈ ಮಾರ್ಗದ ಕೆಲಸಕ್ಕಾಗಿಯೇ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಮೈಕೆಲ್ ಕ್ರೆಮರ್ ಅವರಿಗೆ 2019ರ ಅರ್ಥಶಾಸ್ತ್ರದ ನೊಬೆಲ್ ಬಂತು. ಹೊಲ, ಆಸ್ಪತ್ರೆ, ಶಾಲೆ ಮೂರರಲ್ಲೂ ನಡೆಯುವ ಕ್ರಿಯೆ ಒಂದೇ ಆಗಿರುವಾಗ ಮೂರಕ್ಕೂ ಒಪ್ಪುವ ಒಂದು ಕನ್ನಡ ಮಾತು ಇರಬೇಕೆಂಬುದು ನನ್ನ ಆಸೆ.

ಕೆಲವರು ‘ಅಧ್ಯಯನ’ ಎಂದರೆ ಸಾಕು, ಯಾರೂ ಹೆದರುವುದಿಲ್ಲ ಎಂದು ಸಲಹೆ ಕೊಟ್ಟರು. ಮೇಲೆ ಕ್ಷಯರೋಗದ ವಿಷಯದಲ್ಲಿ ನಾನೂ ಆ ಪದವನ್ನು ಬಳಸಿದ್ದೇನೆ. ಆದರೆ ಪೋಷಕರು ಸಹಿ ಹಾಕುವ ಪತ್ರದಲ್ಲಿ ಅದೊಂದೇ ಸಾಕು ಎಂಬುದನ್ನು ನಾನು ಒಪ್ಪಲಾರೆ. ನೆಫ್ರೋಟಿಕ್ ಸಿಂಡ್ರೋಮ್ ಇರುವ ಮಕ್ಕಳ ಉದಾಹರಣೆಯನ್ನೇ ನೋಡಿ. ಕಿಡ್ನಿಯ ಸೋಸುವ ಜರಡಿ ಸಡಿಲಗೊಂಡು ಪ್ರೋಟೀನ್ ಸೋರಿಹೋಗಿ, ಬೆಳಗ್ಗೆ ಏಳುವಾಗ ಕಣ್ಣಿನ ಸುತ್ತ ಊದಿಕೊಂಡಿರುವ ಈ ಮಕ್ಕಳಿಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ. ಅದನ್ನು ಮೂರು ತಿಂಗಳು ಕೊಡಬೇಕೋ ಆರು ತಿಂಗಳು ಕೊಡಬೇಕೋ ಎಂಬ ಪ್ರಶ್ನೆ ಬಹುಕಾಲ ಉಳಿದಿತ್ತು. ಭಾರತದ ಐದು ಆಸ್ಪತ್ರೆಗಳಲ್ಲಿ ಮೊದಲ ಸಲ ಕಾಯಿಲೆ ಬಂದ 181 ಮಕ್ಕಳಲ್ಲಿ, ಮೂರು ತಿಂಗಳ ನಂತರ ಕೆಲವರಿಗೆ ಔಷಧವನ್ನೇ ಮುಂದುವರಿಸಿ, ಉಳಿದವರಿಗೆ ನೋಡಲು ಹಾಗೆಯೇ ಇರುವ ಆದರೆ ಔಷಧವಿಲ್ಲದ ಮಾತ್ರೆ ಕೊಟ್ಟು ಹೋಲಿಸಿದರು. ಹೆಚ್ಚುವರಿ ಮೂರು ತಿಂಗಳಿಂದ ಕಾಯಿಲೆ ಮರುಕಳಿಸುವುದು ತಗ್ಗಲಿಲ್ಲವೆಂದು 2015ರಲ್ಲಿ ಪ್ರಕಟವಾಯಿತು. ಎಂಟು ವಾರವನ್ನು ಹದಿನಾರು ವಾರಕ್ಕೆ ಏರಿಸಿ ನೋಡಿದ ಬ್ರಿಟನ್ನಿನ ವೈದ್ಯರೂ 2019ರಲ್ಲಿ ಅಂಥದೇ ಉತ್ತರ ಕೊಟ್ಟರು. ಮುಖ ಉಬ್ಬುವುದು, ತೂಕ ಏರುವುದು, ಎತ್ತರ ಕುಂಠಿತವಾಗುವುದು, ಸಿಡುಕು, ಇವೆಲ್ಲವನ್ನೂ ತರಬಲ್ಲ ಮದ್ದನ್ನು ಮಕ್ಕಳು ಅನಗತ್ಯವಾಗಿ ತಿಂಗಳುಗಟ್ಟಲೆ ನುಂಗುವುದನ್ನು ತಪ್ಪಿಸುವ ದಾರಿ ಇದರಿಂದ ಸಿಕ್ಕಿತು. ಆದರೆ ಯಾವ ಮಗುವಿಗೆ ಯಾವ ಮಾತ್ರೆ ಎಂಬುದನ್ನು ಅಲ್ಲಿ ವೈದ್ಯರು ಆರಿಸಲಿಲ್ಲ ಎಂಬ ಸತ್ಯವನ್ನು ‘ಅಧ್ಯಯನ’ ಎಂಬ ಪದ ಮರೆಮಾಡುತ್ತದೆ. ಹೆದರಿಸುವ ಪದ ಬೇಡ, ನಿಜ. ಮುಚ್ಚಿಡುವ ಪದವೂ ಬೇಡ.

ನನ್ನ ಮಟ್ಟಿಗೆ ದಾರಿ ಕಂಡದ್ದು ನಾಮಪದದಲ್ಲಿ ಅಲ್ಲ, ಕ್ರಿಯಾಪದದಲ್ಲಿ. ಕನ್ನಡದಲ್ಲಿ ‘ಟ್ರೈ ಮಾಡು’ ಎನ್ನುವುದಕ್ಕೆ ನಮ್ಮದೇ ವ್ಯಾಕರಣವಿದೆ: ತಿಂದು ನೋಡು, ಕೇಳಿ ನೋಡು, ಹಾಕಿ ನೋಡು. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎನ್ನುವಾಗಲೂ ಆ ‘ನೋಡು’ ಕಣ್ಣಿನ ನೋಟವಲ್ಲ, ಅನುಭವಿಸಿ ತಿಳಿಯುವುದು. ಹೀಗಾಗಿ ಈಗಿನ ಕರಡಿನಲ್ಲಿ, ‘ಎರಡು ಚಿಕಿತ್ಸಾಕ್ರಮಗಳಲ್ಲಿ ಯಾವುದು ಮೇಲು ಎಂದು ವೈದ್ಯರಿಗೂ ಗೊತ್ತಿಲ್ಲದಿರುವುದರಿಂದ ಎರಡನ್ನೂ ಕೊಟ್ಟು ಹೋಲಿಸಿ ನೋಡುತ್ತಿದ್ದೇವೆ, ನಿಮ್ಮ ಮಗುವಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಲಾಗುತ್ತದೆ’ ಎಂದು ಬರೆದಿದ್ದೇನೆ. ಹೀಗೆ ಆಕಸ್ಮಿಕಕ್ಕೆ ಬಿಡುವುದನ್ನು ಹೇಳುವ ‘ಯಾದೃಚ್ಛಿಕ’ (ರ‍್ಯಾಂಡಮ್) ಎಂಬ ಪದ ಹತ್ತನೆಯ ತರಗತಿಯ ಗಣಿತ ಓದಿದವರಿಗೆ ಗೊತ್ತಿರುತ್ತದೆ, ಎಲ್ಲರಿಗೂ ಅಲ್ಲ. ‘ಕಂಟ್ರೋಲ್ ಗ್ರೂಪ್’ಗೆ ‘ನಿಯಂತ್ರಿತ ಗುಂಪು’ ಎಂಬುದು ಅರ್ಥವನ್ನೇ ತಿರುಚುವುದರಿಂದ ‘ಹೋಲಿಕೆಯ ಗುಂಪು’ ಎಂದಿದ್ದೇನೆ. ‘ರಿಲ್ಯಾಪ್ಸ್’ಗೆ ‘ಮರುಕಳಿಸುವುದು’ ಇದ್ದೇ ಇದೆ. ‘ರೆಮಿಶನ್’ ಮಾತ್ರ ಕಾಡುತ್ತಿದೆ: ಬೆಳಗಿನ ಮೂತ್ರದಲ್ಲಿ ಸತತ ಮೂರು ದಿನ ‘ನಿಲ್’ ಅಥವಾ ‘ಟ್ರೇಸ್’ ಬಂದರೆ ಅದು ರೆಮಿಶನ್, ಆದರೆ ‘ಗುಣವಾಯಿತು’ ಎಂದರೆ ಮಾತ್ರೆ ನಿಲ್ಲಿಸಿಬಿಡುವವರಿದ್ದಾರೆ, ‘ಉಪಶಮನ’ ಅರ್ಥವಾಗುವುದಿಲ್ಲ. ಸದ್ಯ ‘ಹತೋಟಿಗೆ ಬಂದಿದೆ’ ಎನ್ನುತ್ತಿದ್ದೇನೆ.

ಇಷ್ಟಾದರೂ ತಲೆಬರಹಕ್ಕೆ ಒಂದು ನಾಮಪದ ಬೇಕೇ ಬೇಕು. ‘ಹೋಲಿಕೆಯ ಪ್ರಯೋಗ’ ಎಂದು ಬರೆದರೆ ‘ಹೋಲಿಕೆ’ಯು ‘ಪ್ರಯೋಗ’ದ ಮೊನಚನ್ನು ಸಾಕಷ್ಟು ಕಡಿಮೆ ಮಾಡುತ್ತದೆಯೇ? ಅಥವಾ ದರ್ಜಿಯ ಅಂಗಡಿಯಿಂದ ಹಿಡಿದು ಎಲ್ಲೆಡೆ ಬಳಕೆಯಲ್ಲಿರುವ ‘ಟ್ರಯಲ್’ ಅನ್ನೇ ಕನ್ನಡ ಪದವೆಂದು ಒಪ್ಪಿಕೊಳ್ಳಬೇಕೇ?

ಇದರ ಜೊತೆಗೇ ಮಕ್ಕಳ ಒಪ್ಪಿಗೆಯ ಮಾತೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಪೋಷಕರ ಸಮ್ಮತಿಯಲ್ಲದೆ, 7ರಿಂದ 12 ವರ್ಷದ ಮಕ್ಕಳಿಂದ ಬಾಯಿಮಾತಿನ ಒಪ್ಪಿಗೆಯನ್ನೂ ಅದಕ್ಕಿಂತ ದೊಡ್ಡವರಿಂದ ಬರಹದ ಒಪ್ಪಿಗೆಯನ್ನೂ ಪಡೆಯಬೇಕು. ಇಂಗ್ಲಿಷಿನಲ್ಲಿ ಪೋಷಕರದಕ್ಕೂ ಮಗುವಿನದಕ್ಕೂ ಬೇರೆ ಬೇರೆ ಪದಗಳಿವೆ (ಕನ್ಸೆಂಟ್, ಅಸೆಂಟ್). ಪೋಷಕರದು ‘ಸಮ್ಮತಿ’, ಮಗುವಿನದು ‘ಒಪ್ಪಿಗೆ’ ಎಂದು ನಾನು ಹಂಚಿಕೊಂಡಿದ್ದೇನೆ. ಏಳು ವರ್ಷದ ಮಗು ‘ಹೂಂ’ ಎಂದರೆ ಅದು ಒಪ್ಪಿಗೆಯೋ, ಕಥೆ ಕೇಳುವಾಗಿನ ಹೂಂಗುಟ್ಟುವಿಕೆಯೋ ಎಂದು ಬೇರ್ಪಡಿಸಿ ಹೇಳುವ ಪದ ನಿಮ್ಮ ಕಡೆ ಇದ್ದರೆ ತಿಳಿಸಬೇಕು.

ಕೃಷಿ ಬಲ್ಲ ಸದಸ್ಯರಲ್ಲಿ ಇನ್ನೊಂದು ವಿಶೇಷ ವಿನಂತಿ. ಹೊಸ ಬೀಜ ಸಿಕ್ಕಾಗ ಇಡೀ ಹೊಲಕ್ಕೆ ಹಾಕದೆ, ಹಳೆಯ ತಳಿಯ ಪಕ್ಕದಲ್ಲಿ ನಾಲ್ಕು ಸಾಲು ಬಿತ್ತಿ, ಸುಗ್ಗಿಯಲ್ಲಿ ಎರಡನ್ನೂ ತೂಗಿ ನೋಡುವ ರೂಢಿ ರೈತರಲ್ಲಿ ಇದೆ. ಹಾಗೆ ಬಿತ್ತಿದ ಸಾಲುಗಳಿಗೆ, ಅಥವಾ ಹಾಗೆ ಬಿತ್ತಿ ನೋಡುವ ಕೆಲಸಕ್ಕೆ, ಧಾರವಾಡ, ರಾಯಚೂರು, ಹಾಸನ, ಚಾಮರಾಜನಗರದ ಕಡೆಗಳಲ್ಲಿ ಯಾವ ಹೆಸರಿದೆ? ಊರು, ಬೆಳೆ ಮತ್ತು ಆ ಪದವನ್ನು ಬಳಸುವ ಒಂದು ಪೂರ್ಣ ವಾಕ್ಯದೊಂದಿಗೆ ಬರೆದರೆ ನನಗೆ ಬಹಳ ಉಪಕಾರವಾಗುತ್ತದೆ.