ಗಟ್ಟಿ ನೆಲವೆಂದು ಹೆಸರಾದ ದಖ್ಖನ್‌ನಲ್ಲಿ ಕಿಲ್ಲಾರಿ ಭೂಕಂಪ ಆದದ್ದು ಹೇಗೆ?

ಆಳಂದದ ಓದುಗ:

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ಕಳಿಸಿ ಬಂದು ಎಲ್ಲರೂ ಮಲಗಿದ್ದಾಗ, ನಮ್ಮ ಮನೆಯ ಅಡ್ಡಣಿಗೆಯ ಮೇಲಿದ್ದ ಹಿತ್ತಾಳೆ ಕೊಡಗಳು ಒಂದಕ್ಕೊಂದು ಬಡಿದುಕೊಂಡ ಸದ್ದು ನನಗೆ ಇಂದಿಗೂ ನೆನಪಿದೆ. ಆಗ ನಾನು ಏಳನೆಯ ತರಗತಿಯಲ್ಲಿದ್ದೆ. ಗಡಿಯಾಚೆ ಮಹಾರಾಷ್ಟ್ರದಲ್ಲಿರುವ ಕಿಲ್ಲಾರಿ ನೆಲಸಮವಾಗಿದೆ ಎಂಬ ಸುದ್ದಿ ಬೆಳಗಾದ ಮೇಲೆ ಬಂತು. ಭೂಕಂಪಗಳು ಭೂಫಲಕಗಳ, ಅಂದರೆ ಭೂಮಿಯ ಹೊರಪದರದ ಬೃಹತ್ ತುಂಡುಗಳ, ಅಂಚಿನಲ್ಲಿ ಆಗುತ್ತವೆ, ದಖ್ಖನ್ ಪ್ರಸ್ಥಭೂಮಿ ಪುರಾತನವಾದ ಸ್ಥಿರ ನೆಲ ಎಂದು ಶಾಲೆಯಲ್ಲಿ ಓದಿದ್ದೆವು. ಹಾಗಿದ್ದರೆ ಅಂಚಿನಿಂದ ಇಷ್ಟು ದೂರದಲ್ಲಿ ಸ್ತರಭಂಗ ಎಲ್ಲಿಂದ ಬಂತು, ಅಷ್ಟು ಕಾಲ ಸುಮ್ಮನಿದ್ದದ್ದು ಒಂದು ರಾತ್ರಿ ಜಾರಿದ್ದೇಕೆ? ಇನ್ನೊಂದು ಸಂದೇಹವೂ ಇದೆ. 2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ನೆಲ ಮತ್ತೆ ಮತ್ತೆ ನಡುಗಿದಾಗ, ಹೀಗೆ ಸ್ವಲ್ಪ ಸ್ವಲ್ಪವೇ ಅದುರಿದರೆ ಒಳಗಿನ ಒತ್ತಡ ಇಳಿದುಹೋಗಿ ದೊಡ್ಡ ಭೂಕಂಪ ತಪ್ಪುತ್ತದೆ ಎಂದು ಹಲವರು ಸಮಾಧಾನ ಹೇಳಿದರು. ಅದು ನಿಜವೇ?

ನಿವೃತ್ತ ಭೂವಿಜ್ಞಾನ ಅಧ್ಯಾಪಕ:

ಮೊದಲು ಸ್ತರಭಂಗದ ಸ್ವಭಾವವನ್ನು ನೋಡೋಣ. ಅದು ಬಾಯಿ ತೆರೆದ ಕಂದರವಲ್ಲ. ಎರಡು ಬಂಡೆಗಟ್ಟುಗಳು ಬಿಗಿಯಾಗಿ ಒತ್ತಿಕೊಂಡು ನಿಂತಿರುವ ಸೀಳು. ಮಳೆಗಾಲದಲ್ಲಿ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡ ಬಾಗಿಲನ್ನು ತಳ್ಳಿದವರಿಗೆ ಇದರ ಗುಣ ಗೊತ್ತು: ಕೈಯ ಒತ್ತಡ ಹೆಚ್ಚಿದಂತೆ ಹಲಗೆ ತುಸು ಬಾಗುತ್ತದೆಯೇ ಹೊರತು ಅಂಚು ಕದಲುವುದಿಲ್ಲ, ಘರ್ಷಣೆ ಸೋತ ಕ್ಷಣದಲ್ಲಿ ಮಾತ್ರ ಬಾಗಿಲು ಧಡಾರನೆ ತೆರೆದುಕೊಂಡು ಗೋಡೆಯೂ ಅದುರುತ್ತದೆ.

ಬಂಡೆಯೂ ಹೀಗೆ ಬಾಗುತ್ತದೆ ಎಂದರೆ ನಂಬುವುದು ಕಷ್ಟ. 1906ರ ಏಪ್ರಿಲ್ 18ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್ ಸ್ತರಭಂಗ ಸುಮಾರು 470 ಕಿ.ಮೀ. ಉದ್ದಕ್ಕೂ ಜಾರಿ ಸ್ಯಾನ್ ಫ್ರಾನ್ಸಿಸ್ಕೊ ನಗರ ಹಾಳಾಯಿತು. ಬೊಲಿನಾಸ್ ಊರಿನ ಬಳಿ ನೇರವಾಗಿದ್ದ ಬೇಲಿಯೊಂದು ಮಧ್ಯದಲ್ಲಿ ತುಂಡಾಗಿ, ಅದರ ಒಂದು ಭಾಗ ಇನ್ನೊಂದರಿಂದ ಎರಡೂವರೆ ಮೀಟರಿನಷ್ಟು ಪಕ್ಕಕ್ಕೆ ಸರಿದಿತ್ತು. ಭೂಕಂಪಕ್ಕೆ ಮುಂಚಿನ ದಶಕಗಳ ಭೂಮಾಪನದ ಲೆಕ್ಕಗಳನ್ನು ತಾಳೆ ಹಾಕಿದ ಅಮೆರಿಕದ ಭೂಭೌತವಿಜ್ಞಾನಿ ಹ್ಯಾರಿ ಫೀಲ್ಡಿಂಗ್ ರೀಡ್, ಸೀಳಿನಿಂದ ದೂರದ ನೆಲ ಎಷ್ಟೋ ವರ್ಷಗಳಿಂದಲೇ ನಿಧಾನವಾಗಿ ಸರಿಯುತ್ತಿತ್ತೆಂದೂ, ಕಚ್ಚಿಕೊಂಡಿದ್ದ ಸೀಳಿನ ಪಕ್ಕದ ನೆಲ ಮಾತ್ರ ಆ ಬೆಳಗ್ಗೆ ಒಮ್ಮೆಲೇ ಚಿಮ್ಮಿ ಅದನ್ನು ಸೇರಿಕೊಂಡಿತೆಂದೂ 1910ರಲ್ಲಿ ವಿವರಿಸಿದರು. (ಎಲ್ಲ ಸೀಳುಗಳೂ ಹೀಗೆ ಕಚ್ಚಿಕೊಳ್ಳುವುದಿಲ್ಲ. ಅದೇ ರಾಜ್ಯದ ಹಾಲಿಸ್ಟರ್‌ನಲ್ಲಿ ಯಾವ ನಡುಕವೂ ಇಲ್ಲದೆ ಕಾಲುದಾರಿಯ ಅಂಚುಗಲ್ಲುಗಳು ವರ್ಷ ವರ್ಷವೂ ಸೊಟ್ಟಗಾಗುತ್ತಿವೆ.)

ಇನ್ನು ಕಿಲ್ಲಾರಿ. ಭಾರತದ ಫಲಕ ಉತ್ತರಕ್ಕೆ ಸರಿಯುತ್ತಾ ಹಿಮಾಲಯದಲ್ಲಿ ತಡೆಯಲ್ಪಡುವುದರಿಂದ ಆ ಒತ್ತಡ ಇಡೀ ಫಲಕದ ಒಳಗೆ ಹರಡಿರುತ್ತದೆ. ಭೂಕಂಪದ ನಂತರ ಕಿಲ್ಲಾರಿಯಲ್ಲಿ ಕೊರೆದ ಬಾವಿಯಲ್ಲಿ ದಖ್ಖನ್‌ನ ಮೇಲ್ಭಾಗದ ಕಪ್ಪುಶಿಲೆಯ (ಬಸಾಲ್ಟ್) ಪದರ 338 ಮೀಟರ್ ಮಾತ್ರ ಸಿಕ್ಕಿತು, ಅದರ ಕೆಳಗೆ ಬಹು ಪುರಾತನ ಶಿಲೆ. ಸ್ಥಿರ ನೆಲವೆಂದರೆ ಬಿರುಕಿಲ್ಲದ ನೆಲ ಎಂದು ಪಠ್ಯಪುಸ್ತಕಗಳು ಭಾವನೆ ಮೂಡಿಸುವುದೇ ತಪ್ಪು. ಹಳೆಯ ನೆಲದಲ್ಲಿ ಹಳೆಯ ಸೀಳುಗಳೇ ಹೆಚ್ಚು. ಇಲ್ಲಿ ಒತ್ತಡ ಬಹಳ ನಿಧಾನವಾಗಿ ಕೂಡುತ್ತದೆ, ಆದ್ದರಿಂದ ಎರಡು ಜಾರುವಿಕೆಗಳ ನಡುವಿನ ಅಂತರ ಮನುಷ್ಯರ ನೆನಪಿಗೆ ನಿಲುಕುವುದಿಲ್ಲ.

ಭೌತಶಾಸ್ತ್ರ ವಿದ್ಯಾರ್ಥಿನಿ:

ಎರಡನೆಯ ಸಂದೇಹಕ್ಕೆ ಲೆಕ್ಕವೇ ಉತ್ತರ ಹೇಳುತ್ತದೆ. ಭೂಕಂಪದ ಪ್ರಮಾಣ (ಮ್ಯಾಗ್ನಿಟ್ಯೂಡ್) ಒಂದಂಕಿ ಏರಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟಾಗುತ್ತದೆ. ಕಿಲ್ಲಾರಿಯದು 6.2. ಅದರ ಶಕ್ತಿಯನ್ನು 4ರ ಪ್ರಮಾಣದ ಕಂಪನಗಳಲ್ಲಿ ಕರಗಿಸಬೇಕಾದರೆ ಅಂಥವು ಸಾವಿರಕ್ಕೂ ಹೆಚ್ಚು ಬೇಕು. ಕಿಲ್ಲಾರಿಯಲ್ಲಿಯೂ 1992ರಲ್ಲಿ ಸಣ್ಣ ಕಂಪನಗಳ ಸರಣಿಯೇ ಆಗಿತ್ತು, ಅವು ಮರುವರ್ಷದ ಅನಾಹುತವನ್ನು ತಡೆಯಲಿಲ್ಲ. ಹಾಗೆಂದು ಪ್ರತಿ ಸರಣಿಯೂ ದೊಡ್ಡದರ ಮುನ್ಸೂಚನೆಯೆಂದು ಗಾಬರಿಪಡಬೇಕಾಗಿಲ್ಲ. ಹೆಚ್ಚಿನವು ತಾವಾಗಿಯೇ ಅಡಗುತ್ತವೆ.

ನೀರಿನ ಮಾತನ್ನೂ ಸೇರಿಸಬೇಕು. ಸೀಳಿನೊಳಗೆ ಇಳಿದ ನೀರಿನ ಒತ್ತಡ ಎರಡು ಬಂಡೆಮುಖಗಳನ್ನು ತುಸು ಎತ್ತಿ ಹಿಡಿದಂತಾಗಿ ಘರ್ಷಣೆ ಕಡಿಮೆಯಾಗುತ್ತದೆ. 1962ರಿಂದ ನೀರು ತುಂಬತೊಡಗಿದ ಮಹಾರಾಷ್ಟ್ರದ ಕೊಯ್ನಾ ಜಲಾಶಯದ ಬಳಿ 1967ರ ಡಿಸೆಂಬರ್ 11ರಂದು ಪ್ರಬಲ ಭೂಕಂಪವಾದದ್ದು ಇದಕ್ಕೆ ಪ್ರಸಿದ್ಧ ನಿದರ್ಶನ. ಆದರೆ ನೀರು ಒತ್ತಡವನ್ನು ಹುಟ್ಟಿಸಿದ್ದಲ್ಲ. ಜಾರಲು ಸಿದ್ಧವಾಗಿದ್ದ ಸೀಳಿನ ದಿನವನ್ನು ಹತ್ತಿರ ತಂದಿತು ಅಷ್ಟೇ.

ಆಳಂದದ ಓದುಗ:

ಇಬ್ಬರಿಗೂ ಧನ್ಯವಾದಗಳು. 6.2 ಎಂಬುದು ಜಗತ್ತಿನ ಲೆಕ್ಕದಲ್ಲಿ ಮಧ್ಯಮ ಗಾತ್ರದ್ದೇ ಆದರೂ ಸುಮಾರು 10,000 ಜನ ಸತ್ತದ್ದೇಕೆ?

ನಿವೃತ್ತ ಭೂವಿಜ್ಞಾನ ಅಧ್ಯಾಪಕ:

ಜಾರಿದ್ದು 10 ಕಿ.ಮೀ.ಗಿಂತ ಕಡಿಮೆ ಆಳದಲ್ಲಿ, ಸಮಯ ನಸುಕಿನ 3 ಗಂಟೆ 56 ನಿಮಿಷ, ಜನ ಮನೆಯೊಳಗೆ. ಆ ಮನೆಗಳು ನಿಮ್ಮ ಕಡೆಯ ಮಾಳಿಗೆ ಮನೆಗಳಂಥವೇ: ಗುಂಡುಕಲ್ಲನ್ನು ಕೆಸರಿನಲ್ಲಿ ಕೂರಿಸಿದ ದಪ್ಪ ಗೋಡೆ, ಬಿಸಿಲು ತಡೆಯಲೆಂದು ವರ್ಷ ವರ್ಷವೂ ಮಣ್ಣು ಏರಿಸಿದ ಚಾವಣಿ. ಗೋಡೆಯ ಒಳಮುಖ ಹೊರಮುಖಗಳನ್ನು ಹಿಡಿದಿಡುವ ಉದ್ದನೆಯ ಅಡ್ಡಗಲ್ಲು ಇಲ್ಲದಲ್ಲಿ ಅವು ಎರಡು ಹೋಳಾಗಿ ಬಿಚ್ಚಿಕೊಂಡವು, ಮೇಲಿನ ಮಣ್ಣೆಲ್ಲ ಮಲಗಿದವರ ಮೇಲೆ ಇಳಿಯಿತು.