ಕಣ್ಣಿನ ಡಾಕ್ಟರ ಜೊತೆ ವೀಡಿಯೋ ಕಾಲ್: ಮೊದಲೇ ಏನೇನು ರೆಡಿ ಇಟ್ಟುಕೊಳ್ಳಬೇಕು?

ಮಲೆನಾಡ_ಮಗಳು
ಅಮ್ಮ ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿದ್ದಾರೆ. ವಯಸ್ಸು 62, ಶುಗರ್ ಇದೆ. ಎಡಗಣ್ಣು ಕೆಂಪಾಗಿ ನೀರು ಸುರೀತಿದೆ, ಬೆಳಿಗ್ಗೆ ಎದ್ದಾಗ ರೆಪ್ಪೆ ಅಂಟಿಕೊಂಡಿರುತ್ತೆ. ನೋವು ಅಷ್ಟೇನಿಲ್ಲ ಅಂತಾರೆ. ನಾಳೆ ಮಧ್ಯಾಹ್ನಕ್ಕೆ ವೀಡಿಯೋ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಅಲ್ಲಿ ಫೋನ್ ಹಿಡಿಯೋದು ತಮ್ಮ, ನಾನು ಬೆಂಗಳೂರಿಂದ ಸೇರಿಕೊಳ್ತೀನಿ. ನೆಟ್‌ವರ್ಕ್ ಅಷ್ಟಕ್ಕಷ್ಟೇ. ಏನು ತಯಾರಿ ಬೇಕು? ಕನ್ನಡಕದ ನಂಬರನ್ನೂ ಇದರಲ್ಲೇ ನೋಡಿಸಬಹುದಾ?

ಆಪ್ಟೋ_ಹುಬ್ಬಳ್ಳಿ
ನಂಬರ್ ಆಗಲ್ಲ. ಕಣ್ಣಿನ ಪ್ರೆಶರ್, ರೆಟಿನಾ (ಕಣ್ಣಿನ ಒಳಗೆ ಹಿಂಬದಿಯ ಪದರ) ಕೂಡ ವೀಡಿಯೋದಲ್ಲಿ ಸಿಗಲ್ಲ. ಶುಗರ್ ಇರೋರು ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿಕೊಂಡು ರೆಟಿನಾ ತೋರಿಸಲೇಬೇಕು, ಅದನ್ನ ಈ ಕಾಲ್ ಜೊತೆ ಸೇರಿಸಬೇಡಿ.

ನೆಟ್ ನಿಧಾನ ಆದ ಕೂಡಲೇ ವೀಡಿಯೋ ತಾನಾಗೇ ಮಸುಕಾಗುತ್ತೆ. ಹಾಗಾಗಿ ಡಾಕ್ಟರಿಗೆ ನಿಜವಾಗಿ ಉಪಯೋಗಕ್ಕೆ ಬರೋದು ಮೊದಲೇ ತೆಗೆದ ಫೋಟೋ. ಹಗಲಲ್ಲಿ ಕಿಟಕಿ ಪಕ್ಕ ಕೂರಿಸಿ, ಬೆಳಕು ಒಂದು ಬದಿಯಿಂದ ಬೀಳಲಿ. ಹಿಂದಿನ ಕ್ಯಾಮೆರಾ, ಫ್ಲ್ಯಾಶ್ ಆಫ್. ಫ್ಲ್ಯಾಶ್ ಹಾಕಿದ್ರೆ ಕರಿಗುಡ್ಡೆ ಮೇಲೆ ಬಿಳಿ ಹೊಳಪು ಕೂತು, ನೋಡಬೇಕಾದ ಜಾಗವೇ ಮುಚ್ಚಿಹೋಗುತ್ತೆ. ಬ್ಯೂಟಿ ಮೋಡ್ ಇದ್ದರೆ ಅದೂ ಆಫ್, ಅದು ಕೆಂಪನ್ನೇ ಒರೆಸಿ ಹಾಕಿಬಿಡುತ್ತೆ! ಫೋನ್ ಒಂದು ಗೇಣು ದೂರ ಹಿಡಿದು, ಬೇಕಾದರೆ 2x ಜೂಮ್ ಮಾಡಿ, ಕಣ್ಣಿನ ಮೇಲೆ ಬೆರಳಿಂದ ಮುಟ್ಟಿ ಫೋಕಸ್ ಆದ ಮೇಲೆ ಕ್ಲಿಕ್ ಮಾಡಲಿ. ತೀರಾ ಹತ್ತಿರ ಹೋದರೆ ಫೋಕಸ್ಸೇ ಆಗಲ್ಲ.

ಎರಡೂ ಕಣ್ಣು ಒಟ್ಟಿಗಿರೋದು ಒಂದು ಫೋಟೋ. ಆಮೇಲೆ ಎಡಗಣ್ಣೊಂದೇ: ನೇರ, ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ನೋಡುವಾಗ. ಕೊನೆಗೆ ಕೆಳರೆಪ್ಪೆ ಮೆಲ್ಲಗೆ ಕೆಳಗೆಳೆದು ಒಳಗಿನ ಕೆಂಪು ಕಾಣೋ ಹಾಗೆ ಒಂದು. ಕೆಂಪು ರೆಪ್ಪೆ ಒಳಗೆ ಹೆಚ್ಚಿದೆಯಾ, ಕರಿಗುಡ್ಡೆ ಸುತ್ತ ಬಳೆ ಥರ ಇದೆಯಾ ಅನ್ನೋದು ಡಾಕ್ಟರಿಗೆ ದೊಡ್ಡ ಸುಳಿವು. ಕಾಡಿಗೆ ಬೇಡ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಸುಮ್ಮನೆ ಫೋಟೋ ಅಂತ ಕಳಿಸಿದ್ರೆ ಸಣ್ಣದಾಗಿ ವಿವರ ಹೋಗುತ್ತೆ. ರೆಪ್ಪೆ ಮುಟ್ಟುವ ಮೊದಲೂ ಆಮೇಲೂ ತಮ್ಮ ಸೋಪು ಹಾಕಿ ಕೈ ತೊಳೀಲಿ, ಅಮ್ಮನ ಟವೆಲ್ ಬೇರೆ ಇಡಿ. ಮದ್ರಾಸ್ ಐ ಆಗಿದ್ದರೆ ಮನೆಗೆಲ್ಲ ಹರಡುತ್ತೆ.

ಇನ್ನು ದೃಷ್ಟಿ. ಕಣ್ಣು ಪರೀಕ್ಷೆಯ ಅಕ್ಷರದ ಚಾರ್ಟ್ ಪ್ರಿಂಟ್ ಮಾಡಿದ್ರೆ ಅಕ್ಷರವನ್ನ ಸ್ಕೇಲಿಂದ ಅಳೆಯಿರಿ: 3 ಮೀಟರ್ ದೂರಕ್ಕೆ 6/60 ಅಕ್ಷರ (ಮೇಲಿನ ದೊಡ್ಡದು) ಸುಮಾರು 44 ಮಿ.ಮೀ., 6/6 ಅಕ್ಷರ (ದೃಷ್ಟಿ ಸರಿ ಇರೋರು ಓದೋ ಸಣ್ಣದು) ಸುಮಾರು 4.4 ಮಿ.ಮೀ. ಎತ್ತರ ಇರಬೇಕು. ಪ್ರಿಂಟರ್ 'ಫಿಟ್ ಟು ಪೇಜ್' ಮಾಡಿದ್ರೆ ಲೆಕ್ಕವೆಲ್ಲ ತಪ್ಪು. ಪ್ರಿಂಟರ್ ಇಲ್ಲದಿದ್ರೆ ಗೋಡೆ ಕ್ಯಾಲೆಂಡರ್ ಸಾಕು, ಎರಡು ಕಣ್ಣಿನ ವ್ಯತ್ಯಾಸ ತಿಳಿಯುತ್ತೆ. ದೂರದ ಕನ್ನಡಕ ಹಾಕಿಯೇ ಇರಲಿ. ಮೊದಲು ತೊಂದರೆ ಇರೋ ಕಣ್ಣು, ಇಲ್ಲಾಂದ್ರೆ ಒಳ್ಳೇ ಕಣ್ಣಲ್ಲಿ ಓದಿದ್ದು ನೆನಪಿಂದ ಬರುತ್ತೆ. ಇನ್ನೊಂದನ್ನ ಅಂಗೈಯಿಂದ ಒತ್ತದೆ ಮುಚ್ಚಬೇಕು. ಬೆರಳಲ್ಲಿ ಮುಚ್ಚಿದ್ರೆ ಸಂದಿಯಿಂದ ಇಣುಕ್ತಾರೆ, ಒತ್ತಿದ್ರೆ ಆ ಕಣ್ಣು ಸ್ವಲ್ಪ ಹೊತ್ತು ಮಂಜಾಗಿರುತ್ತೆ.

ಟೆಲಿ_ಡೆಸ್ಕ್
ಮೇಲಿನದಕ್ಕೆ ಸೇರಿಸೋದು ಕಡಿಮೆ. ಶುಗರ್, ಬಿಪಿ ಮಾತ್ರೆಗಳ ಪಟ್ಟಿ, ಇತ್ತೀಚಿನ ಶುಗರ್ ರಿಪೋರ್ಟ್, ಹಳೇ ಕಣ್ಣಿನ ಚೀಟಿ, ಅಲರ್ಜಿ, ಪೊರೆ ಆಪರೇಷನ್ ಆಗಿದ್ದರೆ ಯಾವ ಕಣ್ಣು ಯಾವ ವರ್ಷ, ಇಷ್ಟನ್ನ ಒಂದು ಹಾಳೆಯಲ್ಲಿ ಬರೆದಿಡಿ. ಕಣ್ಣಿಗೆ ಬಿಟ್ಟಿರೋ ಪ್ರತಿ ಡ್ರಾಪ್ಸ್ ಬಾಟಲಿಯ ಲೇಬಲ್ ಫೋಟೋ ಬೇಕು. 'ಬಿಳಿ ಮುಚ್ಚಳದ್ದು' ಅಂದ್ರೆ ಯಾರಿಗೂ ಗೊತ್ತಾಗಲ್ಲ.

2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಡಾಕ್ಟರು ರೋಗಿಯ ಹೆಸರು, ವಯಸ್ಸು ಖಚಿತ ಮಾಡ್ಕೊಳ್ತಾರೆ. ಅಮ್ಮ ಕ್ಯಾಮೆರಾ ಮುಂದೆ ಇರಲಿ, ಉತ್ತರ ಅವರೇ ಕೊಡಲಿ. ನೀವು ನಡುವೆ ಬಾಯಿ ಹಾಕಬೇಡಿ ಅಕ್ಕ, ಇದು ಎಲ್ಲ ಮಕ್ಕಳೂ ಮಾಡೋದೇ. ನೆಟ್ ಕಟ್ಟಾದ್ರೆ ವಾಪಸ್ ಕರೆಯೋ ಮಾಮೂಲಿ ನಂಬರನ್ನ ಕ್ಲಿನಿಕ್‌ಗೆ ಮೊದಲೇ ಕೊಟ್ಟಿರಿ.

ಕಾರ್ನಿಯಾ_ವಾರ್ಡ್
ಎಲ್ಲಕ್ಕೂ ಮುಂಚೆ ಒಂದು ಮಾತು. ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ, ಬೆಳಕು ನೋಡಕ್ಕಾಗದಿರೋದು, ದೃಷ್ಟಿ ಇಳಿದಿರೋದು, ಜೋರು ನೋವು, ಭತ್ತದ ಹೊಟ್ಟೋ ಸೊಪ್ಪಿನ ಅಂಚೋ ತಾಗಿರೋದು: ಇದರಲ್ಲಿ ಒಂದಿದ್ದರೂ ವೀಡಿಯೋಗೆ ಕಾಯಬೇಡಿ, ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಗಿಡದ ವಸ್ತು ತಾಗಿದ ಕಣ್ಣಲ್ಲಿ ಫಂಗಸ್ ಹುಣ್ಣಾಗಬಹುದು, ಸ್ಲಿಟ್ ಲ್ಯಾಂಪ್ (ಕಣ್ಣನ್ನ ದೊಡ್ಡದಾಗಿ ತೋರಿಸೋ ದೀಪದ ಯಂತ್ರ) ಇಲ್ಲದೆ ಅದನ್ನ ಸರಿಯಾಗಿ ನೋಡಕ್ಕಾಗಲ್ಲ.

ಮಲೆನಾಡ_ಮಗಳು
ತಮ್ಮನನ್ನ ಕೇಳಿದೆ. ಚುಕ್ಕೆ ಇಲ್ಲ, ಏನೂ ತಾಗಿಲ್ಲ, ಕ್ಯಾಲೆಂಡರ್ ಎರಡೂ ಕಣ್ಣಲ್ಲಿ ಒಂದೇ ಥರ ಓದಿದ್ರಂತೆ. ಆದ್ರೆ ಮನೇಲಿದ್ದ ಹಳೇ ಡ್ರಾಪ್ಸ್ ನಿನ್ನೆಯಿಂದ ಬಿಡ್ತಿದ್ದಾರೆ. ಲೇಬಲ್‌ನಲ್ಲಿ ಮಾಕ್ಸಿಫ್ಲಾಕ್ಸಾಸಿನ್ ಜೊತೆ ಡೆಕ್ಸಾಮೆಥಾಸೋನ್ ಅಂತಿದೆ.

ಕಾರ್ನಿಯಾ_ವಾರ್ಡ್
ಡೆಕ್ಸಾಮೆಥಾಸೋನ್ ಸ್ಟಿರಾಯ್ಡ್. ಕೆಂಪು ಬೇಗ ಇಳಿಸಿ ವಾಸಿಯಾದ ಹಾಗೆ ಕಾಣಿಸುತ್ತೆ, ಒಳಗೆ ಫಂಗಸ್ಸೋ ಹರ್ಪಿಸ್ ವೈರಸ್ಸೋ ಇದ್ದರೆ ಅದಕ್ಕೆ ದಾರಿ ಮಾಡಿಕೊಡುತ್ತೆ. ಈ ಸಲಕ್ಕೆ ಯಾರೂ ಬರೆದುಕೊಟ್ಟ ಔಷಧ ಅಲ್ಲವಲ್ಲ, ಇನ್ನು ಬಿಡೋದು ಬೇಡ. ಡ್ರಾಪ್ಸ್ ಬಾಟಲಿ ಒಮ್ಮೆ ತೆರೆದರೆ ಸಾಮಾನ್ಯವಾಗಿ 28 ದಿನ ಅಷ್ಟೇ, ಎಕ್ಸ್‌ಪೈರಿ ಡೇಟ್ ಮುಂದಿದ್ದರೂ. ಇವತ್ತೇ ಕ್ಲಿನಿಕ್‌ಗೆ ಫೋನ್ ಮಾಡಿ ಇದನ್ನ ತಿಳಿಸಿ, ನಾಳೆ ಬದಲು ನೇರ ಬರೋಕೆ ಹೇಳಬಹುದು. ಬಾಟಲಿ ಎಸೀಬೇಡಿ, ಲೇಬಲ್ ತೋರಿಸಬೇಕು.